ಉಳಿಯ ಅಳತೆ, ಯಂತ್ರದ ಎಚ್ಚರಿಕೆ

ಕಂಪ್ಯೂಟರು ತಪ್ಪುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗೆ ಉಂಟು. ಕಾಲೇಜಿನಲ್ಲಿ ಛಂದಸ್ಸು, ವ್ಯಾಕರಣಗಳನ್ನು ಬೋಧಿಸುವ ನನಗೂ ಅದಿದ್ದಿತು. ಕಳೆದ ಬೇಸಗೆಯಲ್ಲಿ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅರ್ಧ ದಿನ ಕಳೆದ ಮೇಲೆ ಅದು ತುಸು ಸಡಿಲವಾಯಿತು.

ನನ್ನ ಸೋದರಳಿಯ ಅಲ್ಲಿ ಸಿ.ಎನ್.ಸಿ. ಯಂತ್ರಗಳಿಗೆ ಪ್ರೋಗ್ರಾಂ ಸಿದ್ಧಪಡಿಸುವ ಕೆಲಸಕ್ಕೆ ಆಗತಾನೆ ಸೇರಿದ್ದ. ಅಂಕಿಗಳ ಅಪ್ಪಣೆಯಂತೆ ಲೋಹವನ್ನು ಕಡೆಯುವ ಯಂತ್ರ ಹೊಸದೇನಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ 1952ರಲ್ಲಿಯೇ ಅದರ ಪ್ರದರ್ಶನ ನಡೆಯಿತು. ಮರುವರ್ಷ ನಮ್ಮ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಗೊಂಡಿತು. ಅಂದು ತೂತು ಕೊರೆದ ಕಾಗದದ ಪಟ್ಟಿಯ ಮೇಲಿರುತ್ತಿದ್ದ ಅಪ್ಪಣೆಗಳನ್ನು ಇಂದು ತಂತ್ರಾಂಶವೇ ಹೆಣೆದು ಕೊಡುತ್ತದೆ.

ಆದರೆ ತಂತ್ರಾಂಶಕ್ಕೆ ಕಟರು ಕಾಣುವುದಿಲ್ಲ. ಅದರ ವ್ಯಾಸವೆಷ್ಟು, ತುದಿಯ ಅಂಚು ಚೂಪೋ ದುಂಡೋ, ಹಲ್ಲುಗಳ ಉದ್ದವೆಷ್ಟು, ಹಿಡಿದಿರುವ ಹೋಲ್ಡರಿನ ದಪ್ಪವೆಷ್ಟು, ಹೋಲ್ಡರಿನಿಂದ ಅದು ಎಷ್ಟು ಹೊರಚಾಚಿದೆ ಎಂಬುದನ್ನೆಲ್ಲ ನಾವೇ ತುಂಬಬೇಕು. ಸಾಣೆ ಹಿಡಿದು 9.8 ಮಿಲಿಮೀಟರಿಗೆ ಇಳಿದ ಕಟರನ್ನು 10 ಎಂದೇ ನಮೂದಿಸಿದರೆ, ಕೊರೆದ ಕುಳಿಯ ಒಂದೊಂದು ಗೋಡೆಯಲ್ಲಿಯೂ 0.1 ಮಿಲಿಮೀಟರು ಲೋಹ ಉಳಿದುಬಿಡುತ್ತದೆ. ಅಳತೆ ಕೆಟ್ಟಿತು, ಆದರೂ ಎಚ್ಚರಿಕೆಯ ಸೊಲ್ಲಿಲ್ಲ!

ಅಂದಿನ ಕೆಲಸ ಉಕ್ಕಿನ ಅಚ್ಚೊಂದರಲ್ಲಿ 20 ಮಿಲಿಮೀಟರು ಅಗಲ, 40 ಮಿಲಿಮೀಟರು ಆಳದ ಕುಳಿ. ಹೋಲ್ಡರಿನ ದಪ್ಪ 30. ಕುಳಿಯೊಳಕ್ಕೆ ಹೋಲ್ಡರು ಇಳಿಯುವಂತಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಹುಡುಗ ಕಟರಿನ ಹೊರಚಾಚನ್ನು 45 ಎಂದು ಬರೆದಿದ್ದ. ಪರದೆಯ ಮೇಲೆ ಎಲ್ಲವೂ ಸುಗಮವಾಗಿ ನಡೆಯಿತು. ಡಿಕ್ಕಿಯ ಸೂಚನೆಯೇ ಬರಲಿಲ್ಲ.

“ನೋಡಿದೆಯಾ ಮಾವ, ಒಂದು ಕೆಂಪು ಗುರುತೂ ಇಲ್ಲ!” ಎಂದು ಹಿಗ್ಗಿದ.

ಅಷ್ಟರಲ್ಲಿ ಹಿರಿಯ ಮೇಸ್ತ್ರಿಗಳು ಯಂತ್ರದ ಬಾಗಿಲು ತೆರೆದು, ಸ್ಕೇಲು ಹಿಡಿದು ಕಟರನ್ನು ಅಳೆದರು. ಹೊರಚಾಚು 35 ಮಾತ್ರ! ಹಿಂದಿನ ಪಾಳಿಯವರು ಬೇರೆ ಕೆಲಸಕ್ಕೆಂದು ಅದನ್ನು ಒಳಕ್ಕೆ ಸರಿಸಿ ಬಿಗಿದಿದ್ದರು. ಯಂತ್ರದಲ್ಲಿ ಕಟರಿನ ತುದಿಯನ್ನು ಮುಟ್ಟಿಸಿ ಉದ್ದ ತುಂಬಿದ್ದುದರಿಂದ ತುದಿಯೇನೋ ಸರಿಯಾದ ಆಳಕ್ಕೇ ಇಳಿಯುತ್ತಿದ್ದಿತು. ಆದರೆ ಅದಕ್ಕೂ ಮುನ್ನವೇ ಹೋಲ್ಡರು ಅಚ್ಚಿನ ಮೇಲ್ಮೈಗೆ ಅಪ್ಪಳಿಸುತ್ತಿದ್ದಿತು. ಕಟರು ಮುರಿಯುವುದು ಹಾಗಿರಲಿ, ಅಚ್ಚು ಹಾಳಾಗಿ ಸ್ಪಿಂಡಲಿಗೇ ಪೆಟ್ಟು ಬೀಳಬಹುದಾಗಿದ್ದಿತು.

ಹುಡುಗನ ಮುಖ ಬಿಳಿಚಿಕೊಂಡಿತು. ಮೇಸ್ತ್ರಿಗಳು ಗದರಲಿಲ್ಲ.

“ತಮ್ಮಾ, ಅದು ಸುಳ್ಳು ಹೇಳಲಿಲ್ಲ. ನೀನು ಹೇಳಿದ ಕಟರಿಗೆ ಅಪಾಯವಿಲ್ಲವೆಂದಿತು. ಇಲ್ಲಿರುವ ಕಟರು ಬೇರೆ,” ಎಂದರಷ್ಟೆ.

ಅವರು ಹೇಳಿದ ಇನ್ನೊಂದು ಮಾತೂ ಮನನೀಯವಾದುದು. ಹೋಲ್ಡರನ್ನು ಇರುವುದಕ್ಕಿಂತ ದಪ್ಪವಾಗಿ ನಮೂದಿಸಿದರೆ ಬೇಡದ ಕಡೆಯಲ್ಲೆಲ್ಲ ಎಚ್ಚರಿಕೆ ಮೂಡುತ್ತದೆ. ಬೇಸತ್ತವನು ಕ್ರಮೇಣ ಅದನ್ನು ಓದದೆಯೇ ಅಳಿಸತೊಡಗುತ್ತಾನೆ. ನಿಜವಾದ ಎಚ್ಚರಿಕೆಯೂ ಒಂದು ದಿನ ಹಾಗೆಯೇ ಅಳಿದುಹೋಗುತ್ತದೆ.

ಕಟರನ್ನು ಬಿಚ್ಚಿ 45ಕ್ಕೆ ಸರಿಯಾಗಿ ಬಿಗಿದು, ಮತ್ತೆ ತುದಿ ಮುಟ್ಟಿಸಿ, ಯಂತ್ರವನ್ನು ನಿಧಾನಗತಿಯಲ್ಲಿ ಓಡಿಸಿದರು. ಸಂಜೆಯ ವೇಳೆಗೆ ಕುಳಿ ಕನ್ನಡಿಯಂತೆ ಮೂಡಿತು. ಮನೆಗೆ ಹೊರಡುವಾಗ ನನ್ನ ಅಳಿಯನ ಜೇಬಿನಲ್ಲಿ ಹೊಸದೊಂದು ಉಕ್ಕಿನ ಸ್ಕೇಲು ಇದ್ದಿತು. ಮೇಸ್ತ್ರಿಗಳೇ ಕೊಟ್ಟುದಂತೆ.