ಹಳೆಯ ಕಾರಿನ ಜಾತಕ

ಎತ್ತು ಕೊಳ್ಳಲು ಹೋದ ನಮ್ಮ ಹಿರಿಯರು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು. ಬಳಿಕ ಸುಳಿ, ಗೊರಸು ಎಲ್ಲ ನೋಡಿ, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಮಾರುವವನ ಮಾತನ್ನು ಕೇಳುತ್ತಿದ್ದರೇ ಹೊರತು ನಂಬುತ್ತಿರಲಿಲ್ಲ. ಇಂದು ಬೆಳಕೆಯಿಂದ ಕುಮಟೆಯವರೆಗೆ ಹೆದ್ದಾರಿಯ ಬದಿಯ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯಿದ್ದ ಜಾಗದಲ್ಲಿ ಕಾರು ನಿಂತಿದೆ. ಹಲವೆಡೆ ಅದು ಇನ್ನೊಬ್ಬರು ಓಡಿಸಿ ಬಿಟ್ಟ ಕಾರು. ಆದರೆ ಎತ್ತಿನ ಹಲ್ಲು ಎಣಿಸಿದವರ ಮೊಮ್ಮಕ್ಕಳು ಕಾರಿನ ಬಣ್ಣವನ್ನೂ ಹಾಡಿನ ಪೆಟ್ಟಿಗೆಯನ್ನೂ ನೋಡಿ ಮುಂಗಡ ಕೊಟ್ಟು ಬರುತ್ತಾರೆ.

ಈ ವಿಷಯ ನನ್ನ ಪಾಲಿಗೆ ಬಂದುದು ಅಜ್ಜಿಯ ಕಾಯಿಲೆಯಿಂದ. ಅವರನ್ನು ಮೇಲಿಂದ ಮೇಲೆ ಮಣಿಪಾಲಕ್ಕೆ ಕರೆದೊಯ್ಯಬೇಕು. ಪ್ರತಿ ಸಲವೂ ಬಾಡಿಗೆಯ ಗಾಡಿ ಹಿಡಿದರೆ ಮಲ್ಲಿಗೆ ಮಾರಿದ ದುಡ್ಡು ಅದಕ್ಕೇ ಸರಿಹೋಗುತ್ತದೆ. ಹಳೆಯದೊಂದು ಕಾರು ಕೊಳ್ಳೋಣವೆಂದು ಸೋದರಮಾವ ಸೂಚಿಸಿದರು. ಮನೆಯಲ್ಲಿ ಇಂಗ್ಲಿಷ್ ಕಾಗದವನ್ನು ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಕಾಗದದ ಕೆಲಸವೆಲ್ಲ ನನಗೆ ಬಂದಿತು. ಸ್ವಸಹಾಯ ಸಂಘದ ಸಾಲವನ್ನೂ ಸೇರಿಸಿ ಕೂಡಿಸುವ ಹಣ ಅದು. ಒಮ್ಮೆ ಕೈಬಿಟ್ಟರೆ ಮತ್ತೆ ಕೂಡಿಸಲು ಐದಾರು ವರ್ಷ ಬೇಕು. ಆದ್ದರಿಂದ ಎರಡು ತಿಂಗಳು ಇದನ್ನೇ ಓದಿದೆ, ಬಲ್ಲವರನ್ನು ಕೇಳಿದೆ.

ಮೊದಲು ತಿಳಿಯಬೇಕಾದ ಸಂಗತಿ ಬಹಳ ಜನರಿಗೆ ಆಶ್ಚರ್ಯವನ್ನುಂಟುಮಾಡೀತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಷ್ಟು ಕಾಲವೂ ಅದರ ಬ್ರೇಕು ಹಿಡಿಯುತ್ತದೆಯೇ, ತಳ ಗಟ್ಟಿಯಾಗಿದೆಯೇ ಎಂದು ಸರಕಾರದವರು ನಿಯತವಾಗಿ ಪರೀಕ್ಷಿಸುವ ಕ್ರಮವಿಲ್ಲ. ಹದಿನೈದು ತುಂಬಿದ ಮೇಲೆಯೇ ಇನ್‌ಸ್ಪೆಕ್ಟರರ ಮುಂದೆ ಗಾಡಿ ನಿಲ್ಲಿಸಿ, ಪಾಸಾದರೆ ಐದು ವರ್ಷಕ್ಕೆ ನವೀಕರಣ. ಹಳದಿ ಫಲಕದ ಟ್ಯಾಕ್ಸಿಗೆ ಹಾಗಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರ, ಅಂದರೆ ಎಫ್.ಸಿ., ಬೇಕು. ಹೀಗಾಗಿ ಪರೀಕ್ಷೆಯ ಇತಿಹಾಸವೆಂಬುದು ಮೈ ಮುರಿಯುವಂತೆ ದುಡಿದ ಟ್ಯಾಕ್ಸಿಗೆ ಉಂಟು, ಮನೆಯ ಮುಂದೆ ಸುಖವಾಗಿ ನಿಂತ ಕಾರಿಗೆ ಇಲ್ಲ! ಬ್ರಿಟನ್ನಿನಲ್ಲಿ 1960ರಲ್ಲಿ ಹತ್ತು ವರ್ಷ ಮೀರಿದ ಗಾಡಿಗಳ ಕಡ್ಡಾಯ ಪರೀಕ್ಷೆಯನ್ನು ಆರಂಭಿಸಿದರು; ಈಗ ಅಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. ನೋಂದಣಿ ಸಂಖ್ಯೆ ಗೊತ್ತಿದ್ದರೆ ಯಾವ ವರ್ಷ ಪಾಸಾಯಿತು, ಯಾವ ವರ್ಷ ಏಕೆ ಫೇಲಾಯಿತು, ಆಗ ಎಷ್ಟು ಮೈಲಿ ಓಡಿತ್ತು ಎಂಬುದನ್ನು ಯಾರೂ ನೋಡಬಹುದು. ನಮ್ಮಲ್ಲಿ ಆ ಜಾತಕವನ್ನು ಕೊಳ್ಳುವವರೇ ಚೂರು ಚೂರಾಗಿ ಕೂಡಿಸಿಕೊಳ್ಳಬೇಕು.

ಆರಂಭ ಆರ್.ಸಿ.ಯಿಂದ. ಕೆ.ಎ. 47 ಎಂದಿದ್ದರೆ ಹೊನ್ನಾವರದಲ್ಲಿ ನೋಂದಾಯಿತವಾದದ್ದು, 20 ಎಂದಿದ್ದರೆ ಉಡುಪಿ, 19 ಎಂದಿದ್ದರೆ ಮಂಗಳೂರು. ತಯಾರಾದ ತಿಂಗಳು ಒಂದು, ನೋಂದಣಿಯಾದ ದಿನ ಇನ್ನೊಂದು. ಮಾರುವವರು ಎರಡನೆಯದನ್ನೇ ಹೇಳುತ್ತಾರೆ. 2011ರಲ್ಲಿ ನೋಂದಣಿಯಾದ ಕಾರಿಗೆ 2026ರಲ್ಲಿ ಹದಿನೈದು ತುಂಬುತ್ತದೆ. ಅಂಥ ಗಾಡಿ ಅಗ್ಗಕ್ಕೆ ಬಂದರೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ: ಹದಿನೈದು ಮೀರಿದ ಕಾರಿನ ನವೀಕರಣದ ಶುಲ್ಕವೇ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಪರೀಕ್ಷೆಗೆ ಗಾಡಿಯನ್ನು ಸಜ್ಜುಗೊಳಿಸುವ ಖರ್ಚು ಬೇರೆ.

ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ಗಾಡಿಯ ಮೇಲೆ ಕೆತ್ತಿದ ಸಂಖ್ಯೆಗಳೂ ಅಕ್ಷರಕ್ಕಕ್ಷರ ಒಂದೇ ಆಗಿರಬೇಕು. ಚಾಸಿ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಅಂಕಿಗಳು ಓರೆಕೋರೆಯಾಗಿದ್ದರೆ, ಸುತ್ತಲಿನ ತಗಡು ತೇದಂತಿದ್ದರೆ, ಅಲ್ಲಿಂದಲೇ ಮನೆಗೆ ಹಿಂತಿರುಗುವುದು ಲೇಸು.

ಇನ್ನು ಮೊಬೈಲಿನ ಎಂ-ಪರಿವಾಹನ್‌ನಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ವಿಮೆ ಎಂದಿನವರೆಗಿದೆ, ಹೊಗೆ ಪರೀಕ್ಷೆಯ ಪತ್ರ ಎಂದಿನವರೆಗಿದೆ ಎಂಬುದು ತಿಳಿಯುತ್ತದೆ. ಹೊಗೆ ಪತ್ರ ಬಿ.ಎಸ್. 4 ಮತ್ತು ಅನಂತರದ ಗಾಡಿಗೆ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು ನಡೆಯುತ್ತದೆ. ಇದನ್ನು ತೋರಿಸಿ “ಗಾಡಿ ಪಾಸಾಗಿದೆ” ಎನ್ನುವವರಿದ್ದಾರೆ. ಪಾಸಾದದ್ದು ಹೊಗೆ ಮಾತ್ರ. ಬ್ರೇಕು ಇಲ್ಲದ ಕಾರಿಗೂ ಈ ಪತ್ರ ಸಿಕ್ಕೀತು.

ವಿಮೆಯ ಕಾಗದ ಇದಕ್ಕಿಂತ ಹೆಚ್ಚು ಮಾತಾಡುತ್ತದೆ. ಸ್ವಂತ ಹಾನಿಯ ವಿಮೆಯಲ್ಲಿ ಕ್ಲೇಮು ಮಾಡದವರಿಗೆ ರಿಯಾಯಿತಿಯುಂಟು: ಒಂದು ವರ್ಷಕ್ಕೆ ಶೇಕಡಾ 20, ಹೀಗೆ ಏರುತ್ತ ಐದು ವರ್ಷಕ್ಕೆ 50. ಎಂಟು ವರ್ಷದಿಂದ ಒಬ್ಬರ ಕೈಯಲ್ಲೇ ಇದ್ದ, ಎಂದೂ ಅಪಘಾತವಾಗದ ಕಾರೆಂದು ಹೇಳುವಾಗ ಪಾಲಿಸಿಯಲ್ಲಿ ಆ ರಿಯಾಯಿತಿ ಸೊನ್ನೆಯಾಗಿದ್ದರೆ ಕೇಳುವ ಹಕ್ಕು ನಮಗಿದೆ. ವಿಮೆ ನಡುವೆ ತಪ್ಪಿಹೋದರೂ ಸೊನ್ನೆಯಾಗುತ್ತದೆ ಎಂಬುದನ್ನು ಮರೆಯಬಾರದು. ಸರ್ವಿಸ್ ಬಿಲ್ಲುಗಳಿದ್ದರೆ ಇನ್ನೂ ಒಳ್ಳೆಯದು. ಅವುಗಳಲ್ಲಿ ತಾರೀಖಿನ ಜೊತೆಗೆ ಓಡಿದ ಕಿಲೋಮೀಟರ್ ಬರೆದಿರುತ್ತದೆ. ಎಂದೋ 70 ಸಾವಿರವೆಂದು ಬರೆದ ಕಾರು ಇಂದು 58 ಸಾವಿರ ತೋರಿಸಿದರೆ ಅದು ಹಿಂದುಹಿಂದಕ್ಕೆ ಓಡಿತೆಂದು ನಂಬಬೇಕಾಗುತ್ತದೆ. ಬಿಲ್ಲಿಲ್ಲದಿದ್ದರೆ ಪೆಡಲಿನ ರಬ್ಬರನ್ನೂ ಸ್ಟಿಯರಿಂಗಿನ ಹಿಡಿಯನ್ನೂ ನೋಡಬೇಕು. ಸವೆದ ರಬ್ಬರು ಸುಳ್ಳು ಹೇಳುವುದಿಲ್ಲ.

ಕಾಗದದಿಂದ ಕಾರಿಗೆ ಬಂದಾಗ ನಮ್ಮ ಕರಾವಳಿಯ ಮಾತೇ ಬೇರೆ. “ತಂಗೀ, ಬಣ್ಣ ನೋಡಬೇಡ, ಬುಡ ನೋಡು” ಎಂದರು ನಾನು ಕೇಳಿದ ಹಿರಿಯ ಮೆಕ್ಯಾನಿಕ್ಕರೊಬ್ಬರು. ಕಡಲ ಗಾಳಿಯ ಉಪ್ಪು, ಜೂನ್‌ನಿಂದ ಬಿಡದೆ ಸುರಿಯುವ ಮಳೆ, ಇವೆರಡೂ ಸೇರಿ ತಗಡನ್ನು ಕೆಳಗಿನಿಂದ ತಿನ್ನುತ್ತವೆ. ಆದ್ದರಿಂದ ಗ್ಯಾರೇಜಿನಲ್ಲಿ ಕಾರನ್ನು ಮೇಲೆತ್ತಿಸಿ, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಜಾಕ್ ಕೊಡುವ ಜಾಗ, ಚಕ್ರದ ಮೇಲಿನ ಕಮಾನು, ಸಸ್ಪೆನ್ಷನ್ ಕೂರುವ ಸ್ಥಳ ಇವುಗಳನ್ನು ಟಾರ್ಚು ಹಿಡಿದು ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಮೇಲ್ಮೈಯ ತುಕ್ಕು ಉಜ್ಜಿದರೆ ಹೋದೀತು. ಸಸ್ಪೆನ್ಷನ್ನಿನ ಬುಡದಲ್ಲಿ ತೂತಾಗಿದ್ದರೆ ಬೆಲೆ ಇಳಿಸುವ ಮಾತೇ ಬೇಡ, ಅದು ರಸ್ತೆಗೆ ತಕ್ಕ ಗಾಡಿಯಲ್ಲ. ತಳಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ನನಗಂತೂ ಸಂಶಯ ಹೆಚ್ಚುತ್ತದೆ.

ನಮ್ಮ ಕಡೆ ಇನ್ನೊಂದು ಬಗೆಯ ಕಾರುಂಟು. ಯಜಮಾನರು ದುಬೈಯಲ್ಲೋ ಸೌದಿಯಲ್ಲೋ ಇರುತ್ತಾರೆ. ಕಾರು ವರ್ಷದಲ್ಲಿ ಒಂದು ತಿಂಗಳು ಓಡಿ ಹನ್ನೊಂದು ತಿಂಗಳು ನಿಲ್ಲುತ್ತದೆ. “ಹತ್ತು ವರ್ಷಕ್ಕೆ ಬರೇ 25 ಸಾವಿರ ಓಡಿದ್ದು” ಎಂದು ಅದರ ಬೆಲೆ ಏರುತ್ತದೆ. ಓಟ ಕಡಿಮೆಯೆಂಬುದು ನಿಜವೇ ಇರಬಹುದು, ಆದರೆ ನಿಲ್ಲುವುದೂ ಸವೆತವೇ. ಬ್ರೇಕಿನ ಡಿಸ್ಕು ತುಕ್ಕು ಹಿಡಿಯುತ್ತದೆ, ರಬ್ಬರಿನ ಸೀಲುಗಳು ಬಿರಿಯುತ್ತವೆ, ವೈರನ್ನು ಇಲಿ ಕಡಿಯುತ್ತದೆ. ಟಯರಿನ ಹೊಲಿಗೆ ಹೊಸತರಂತೆ ಕಂಡರೂ ಅದರ ಬದಿಯ ನಾಲ್ಕು ಅಂಕಿ ಓದಬೇಕು: 2316 ಎಂದಿದ್ದರೆ 2016ರ 23ನೆಯ ವಾರದಲ್ಲಿ ತಯಾರಾದದ್ದು. ಹೊಲಿಗೆಯ ಆಳ ನಿಯಮದಂತೆ 1.6 ಮಿಲಿಮೀಟರಿಗೆ ಕಡಿಮೆಯಿರಬಾರದು. ಆಳವಿದ್ದೂ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟ ಟಯರು ಮಳೆಯ ಹೆದ್ದಾರಿಯಲ್ಲಿ ಅಪಾಯಕಾರಿ.

ನೆರೆಯಲ್ಲಿ ಮುಳುಗಿದ ಕಾರು ಮತ್ತೊಂದು. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಆಗಸ್ಟಿನಲ್ಲಿ ನಮ್ಮ ಭಟ್ಕಳವೇ ನೀರು ಕಂಡಿದೆ. ಅಂಥ ಕಾರು ತೊಳೆದು ಒರೆಸಿದ ಮೇಲೆ ಹೊಸತಾಗಿಯೇ ಕಾಣುತ್ತದೆ. ಸೀಟಿನ ಬೆಲ್ಟನ್ನು ಪೂರ್ತಿ ಎಳೆದರೆ ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರಬಹುದು. ಸೀಟು ಜಾರುವ ಹಳಿಯಡಿ ಮಣ್ಣು, ಚಾಪೆಯಡಿ ಮುಗ್ಗಲು ವಾಸನೆ ಇರಬಹುದು.

ಎಂಜಿನ್ನಿನ ವಿಷಯ ಎಲ್ಲರೂ ಬಲ್ಲರಾದ್ದರಿಂದ ಚುಟುಕಾಗಿ ಮುಗಿಸುತ್ತೇನೆ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನಾವು ಹೋಗುವ ಮೊದಲೇ ಬಿಸಿಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆನ್ನಬೇಕು. ನೀಲಿ ಹೊಗೆ ಎಣ್ಣೆ ಸುಡುವುದರ ಗುರುತು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ನಿನೊಳಗೆ ನೀರು ಸೇರುತ್ತಿರಬಹುದು. ಓಡಿಸುವಾಗ ಸಮತಟ್ಟಾದ ಖಾಲಿ ರಸ್ತೆಯಲ್ಲಿ ಬ್ರೇಕು ಒತ್ತಿ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ನೋಡಬೇಕು. ಮೆಕ್ಯಾನಿಕ್ಕರನ್ನು ಮಾರುವವರು ಕರೆತರಬಾರದು, ನಾವೇ ಕರೆದೊಯ್ಯಬೇಕು.

ಎಲ್ಲ ಸರಿಯಾದ ಮೇಲೂ ಹೆಸರು ಬದಲಾಯಿಸುವುದು ಉಳಿಯುತ್ತದೆ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ ಕಪಾಟಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಿಸುವವರಿದ್ದಾರೆ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂಬುದು ಕಾಯಿದೆ. 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ, ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ಅಪಘಾತದ ಪರಿಹಾರಕ್ಕೆ ಹೊಣೆ ನೋಂದಣಿಯಲ್ಲಿ ಹೆಸರಿರುವವರೇ ಎಂದು ತೀರ್ಪಿತ್ತಿತು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವೂ ಇಲ್ಲಿಯ ತೆರಿಗೆಯೂ ಬೇಕು. ಆರ್.ಸಿ.ಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿತೆಂಬ ಫಾರಂ 35 ಕೈಗೆ ಬರಬೇಕು, ಬಾಯಿಮಾತು ಸಾಲದು.

ನಾವು ನೋಡಿದ ಮೊದಲನೆಯ ಕಾರನ್ನು ಜಾಕಿನ ಜಾಗದ ತುಕ್ಕಿಗಾಗಿ ಬಿಟ್ಟೆವು. ಎರಡನೆಯದು 2014ರದು, ಬುಡ ಗಟ್ಟಿಯಾಗಿದೆ, ಬಿಲ್ಲುಗಳೂ ಇವೆ; ಫಾರಂ 35 ಮಾತ್ರ ಬ್ಯಾಂಕಿನಿಂದ ಬರಬೇಕು. ಅಲ್ಲಿಯವರೆಗೆ ಹಣ ಅಜ್ಜಿಯ ಪೆಟ್ಟಿಗೆಯಲ್ಲೇ ಇದೆ.