ಕುರಿ ಯಾಕೆ ಗರಗರ ತಿರುಗ್ತದೆ? ಲಾಡಿಹುಳುವಿನ ಕಥೆ ಕೇಳ್ರಿ!

ತಾವರಗೇರಾ: ಹಿಂಡಿನಲ್ಲಿ ಒಂದೇ ಒಂದು ಕುರಿ ತಲೆ ವಾರೆ ಮಾಡಿಕೊಂಡು ನಿಂತಲ್ಲೇ ಗರಗರ ತಿರುಗುವುದನ್ನು ನಮ್ಮ ಭಾಗದ ಕುರಿಗಾರರಲ್ಲಿ ಯಾರು ನೋಡಿಲ್ಲ ಹೇಳ್ರಿ? ಮೇವು ಬಿಡ್ತದೆ, ಹಿಂಡಿನಿಂದ ಹಿಂದೆ ಬೀಳ್ತದೆ, ಕಣ್ಣು ಮಂಜಾಗಿ ಗಿಡಕ್ಕೋ ಗೋಡೆಗೋ ಹೋಗಿ ಹಾಯ್ತದೆ. ಗಾಳಿ ಸೋಕಿತು ಅಂತ ಕೆಲವರು ದಾರ ಕಟ್ಟಿಸ್ತಾರೆ. ಕೆಲವರು ಸಾಯುವ ಮೊದಲೇ ಕೊಯ್ದು ಪಾಲು ಹಾಕಿಕೊಳ್ತಾರೆ. ತಲೆ ಮಾತ್ರ ನಾಯಿಗೆ!

ಎಲ್ಲ ಗುಟ್ಟು ಇರೋದು ಆ ತಲೆಯಲ್ಲೇ.

ಬುರುಡೆ ಒಡೆದು ನೋಡಿದರೆ ಮಿದುಳಿನಲ್ಲಿ ನೀರು ತುಂಬಿದ ಒಂದು ಗುಳ್ಳೆ. ಅದರ ಒಳಗೋಡೆಗೆ ಬಿಳಿ ಬಿಳಿ ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೊಂದು ಲಾಡಿಹುಳುವಿನ ತಲೆ. (ಲಾಡಿ ಅಂದರೆ ನಮ್ಮ ಚಡ್ಡಿಯ ಲಾಡಿಯೇ, ಹುಳು ಹಾಗೇ ಚಪ್ಪಟೆ.) ಅದನ್ನು ತಿಂದ ನಾಯಿಯ ಕರುಳಿನಲ್ಲಿ ಹುಳುಗಳು ಬೆಳೆಯುತ್ತವೆ. ನಾಯಿ ಹೊಲದಲ್ಲಿ ಹೇತರೆ ತತ್ತಿ ಹುಲ್ಲಿಗೆ, ಹುಲ್ಲಿನಿಂದ ಇನ್ನೊಂದು ಕುರಿಯ ಹೊಟ್ಟೆಗೆ, ಅಲ್ಲಿಂದ ರಕ್ತದ ಜೊತೆ ಮಿದುಳಿಗೆ. ಗಾಳಿಯೂ ಇಲ್ಲ, ದೆವ್ವವೂ ಇಲ್ಲ.

ಇದನ್ನು ಕಂಡುಹಿಡಿದು ನೂರೆಪ್ಪತ್ತು ವರ್ಷ ದಾಟಿತು. ಜರ್ಮನಿಯ ಡಾಕ್ಟರ್ ಕ್ಯೂಖೆನ್‌ಮೈಸ್ಟರ್ 1850ರ ದಶಕದಲ್ಲಿ ಕುರಿಯ ಮಿದುಳಿನ ಗುಳ್ಳೆಯನ್ನು ನಾಯಿಗೆ ತಿನ್ನಿಸಿ ಹುಳು ಬೆಳೆಸಿದ, ಆ ಹುಳುವಿನ ತತ್ತಿಯನ್ನು ಕುರಿಗೆ ತಿನ್ನಿಸಿ ಅದೇ ರೋಗ ತರಿಸಿ ತೋರಿಸಿದ. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ. 1855ರಲ್ಲಿ ಮರಣದಂಡನೆ ಆದ ಕೈದಿಯೊಬ್ಬನ ಊಟದಲ್ಲಿ ಹಂದಿ ಮಾಂಸದ ಗುಳ್ಳೆಗಳನ್ನು ಸೇರಿಸಿಕೊಟ್ಟು, ಆತ ಸತ್ತ ಮೇಲೆ ಕರುಳು ಸೀಳಿ ಎಳೆಯ ಲಾಡಿಹುಳು ಹುಡುಕಿ ತೆಗೆದ! ಈಗ ಯಾರಾದರೂ ಹೀಗೆ ಮಾಡಿದರೆ ಡಾಕ್ಟರೇ ಜೈಲಿಗೆ ಹೋಗ್ತಾನೆ.

ಕುರಿಯ ಮಾತು ಸಾಕು. ಮನುಷ್ಯನ ತಲೆಗೆ ಬರೋದು ಇದೇ ಕುಲದ ಇನ್ನೊಂದು ಹುಳು, ಹಂದಿಯದು. ಅರೆಬೆಂದ ಹಂದಿ ಮಾಂಸ ತಿಂದವನ ಕರುಳಿನಲ್ಲಿ ಎರಡು ಮೂರು ಮೀಟರ್ ಉದ್ದದ ಲಾಡಿ ಬೆಳೀತದೆ. ಎಷ್ಟೋ ಸಲ ಅವನಿಗೆ ಅದರ ಅರಿವೇ ಇರೋದಿಲ್ಲ. ಅವನು ಬಯಲಿಗೆ ಹೋದರೆ ಸಾವಿರಗಟ್ಟಲೆ ತತ್ತಿ ಮಣ್ಣಿಗೆ. ಹಂದಿ ತಿಂದರೆ ಹಂದಿಯ ಮಾಂಸದಲ್ಲಿ ಗುಳ್ಳೆ. ಆದರೆ ಅದೇ ತತ್ತಿ ಕೊಳಕು ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ನಮ್ಮ ಹೊಟ್ಟೆ ಸೇರಿದರೆ? ಗುಳ್ಳೆ ನಮ್ಮ ಮಿದುಳಿನಲ್ಲಿ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಫಿಟ್ಸ್.

"ನಾವು ಲಿಂಗ ಕಟ್ಟಿದವರು, ನಮಗ್ಯಾಕ ಬರ್ತದ್ರೀ" ಅನ್ನೋರು ಸ್ವಲ್ಪ ತಡೀರಿ. ನ್ಯೂಯಾರ್ಕಿನಲ್ಲಿ ಹಂದಿ ಮುಟ್ಟದ ಕಟ್ಟಾ ಯಹೂದಿ ಮನೆಗಳ ನಾಲ್ಕು ಮಂದಿಗೆ ಇದೇ ರೋಗ ಬಂದದ್ದು 1992ರಲ್ಲಿ ವರದಿಯಾಯಿತು. ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಅಡುಗೆಮನೆಯ ಕಡೆಗೆ, ಕೆಲಸಕ್ಕೆ ಬರುತ್ತಿದ್ದವರ ಹೊಟ್ಟೆಯಲ್ಲಿದ್ದ ಹುಳುವಿನ ಕಡೆಗೆ. ಹಂದಿ ತಿಂದವನಿಗೆ ಹೊಟ್ಟೆಯಲ್ಲಿ ಲಾಡಿ, ತಿನ್ನದವನಿಗೂ ತಲೆಯಲ್ಲಿ ಗುಳ್ಳೆ! ನಮ್ಮ ರೊಟ್ಟಿ ಜೊತೆಗಿನ ಹಸಿ ಹಕ್ಕರಕಿ, ಮೆಂತೆ, ಮೂಲಂಗಿ ಬಿಡ್ರಿ ಅಂತ ಹೇಳೋದಿಲ್ಲ. ಆದರೆ ಬುಟ್ಟಿಯ ಮೇಲೆ ನೀರು ಚಿಮುಕಿಸಿದ್ದೇ ತೊಳೆದದ್ದು ಅಂತ ತಿಳೀಬ್ಯಾಡ್ರಿ.

ಇನ್ನು ವೆಲ್ಲೂರಿನ ಕಥೆ. ನಮ್ಮ ದೇಶಕ್ಕೆ ಸಿ.ಟಿ. ಸ್ಕ್ಯಾನ್ ಬಂತು. ಫಿಟ್ಸ್ ಬಂದ ಎಷ್ಟೋ ಜನರ ಮಿದುಳಿನಲ್ಲಿ ಒಂದೇ ಒಂದು ಸಣ್ಣ ಉಂಗುರದಂಥ ಚುಕ್ಕೆ ಕಂಡಿತು. ಟಿ.ಬಿ. ಗಂಟು ಅಂತ ಡಾಕ್ಟರುಗಳು ತಿಂಗಳುಗಟ್ಟಲೆ ಟಿ.ಬಿ. ಔಷಧ ಕೊಟ್ಟರು. ಆದರೆ ಔಷಧ ಕೊಡದಿದ್ದರೂ ಕೆಲವರ ಚುಕ್ಕೆ ತಾನೇ ಮಾಯ! ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಜೊತೆಗಾರರು ಅಂಥ ಚುಕ್ಕೆಗಳನ್ನು ತೆಗೆದು ಪರೀಕ್ಷೆ ಮಾಡಿದರೆ ಬಹಳಷ್ಟರಲ್ಲಿ ಇದ್ದದ್ದು ಲಾಡಿಹುಳುವಿನ ಮರಿ. 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾದ ಮೇಲೆ ಡಾಕ್ಟರುಗಳ ಲೆಕ್ಕಾಚಾರವೇ ತಿರುಗಿತು.

ಬೆಂಗಳೂರಿನ ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಮಿಕ್ಕಿ ಜನರನ್ನು ವಿಚಾರಿಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಮೂರ್ಛೆರೋಗ ಹಳ್ಳಿಯಲ್ಲಿ ಸಾವಿರಕ್ಕೆ ಸುಮಾರು 12 ಜನಕ್ಕೆ, ನಗರದಲ್ಲಿ 6ಕ್ಕೂ ಕಡಿಮೆ. ಎಲ್ಲವೂ ಹುಳುವಿನದೇ ಅಂತಲ್ಲ. ಆದರೆ ಈ ಹುಳು ಬೇರೂರಿದ ಕಡೆಗಳಲ್ಲಿ ನೂರಕ್ಕೆ ಸುಮಾರು 30 ಮೂರ್ಛೆರೋಗಕ್ಕೆ ಇದರ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ.

ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಬಿದ್ದು ಒದ್ದಾಡಿದರೆ ನಾವೇನು ಮಾಡ್ತೀವಿ? ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ, ಇಲ್ಲಾ ಚಪ್ಪಲಿ. ಅವನ್ನೆಲ್ಲ ಬಿಟ್ಟು ಮಗ್ಗುಲಿಗೆ ಹೊರಳಿಸಿರಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿ ಸ್ಕ್ಯಾನ್ ಮಾಡಿಸಿರಿ. ಔಷಧ ಅಂಗಡಿಯವರಿಗೂ ಒಂದು ಮಾತು: ಫಿಟ್ಸ್ ಇದ್ದವರಿಗೆ ಡಾಕ್ಟರ ಚೀಟಿ ಇಲ್ಲದೆ ಹುಳುವಿನ ಮಾತ್ರೆ ಕೊಡಬ್ಯಾಡ್ರಿ. ಮಿದುಳಿನಲ್ಲಿ ಹುಳು ಸಾಯುವಾಗ ಬಾವು ಬಂದು ಫಿಟ್ಸ್ ಹೆಚ್ಚಾಗಬಹುದು. ಬಾವು ಇಳಿಸುವ ಔಷಧ ಜೊತೆಗೇ ಬೇಕು, ಅದು ಡಾಕ್ಟರ ಕೆಲಸ.

ಕುರಿಗಾರರ ಕೆಲಸ ಸುಲಭ. ತಿರುಗುವ ಕುರಿಯ ತಲೆಯನ್ನು ನಾಯಿಗೆ ಎಸೆಯದೆ ಸುಡಬೇಕು, ಇಲ್ಲಾ ನಾಯಿ ಕೆದರದಷ್ಟು ಆಳಕ್ಕೆ ಹೂಳಬೇಕು. ದನದ ಡಾಕ್ಟರ ಹತ್ತಿರ ಹೋಗಿ ನಾಯಿಗೂ ಹುಳುವಿನ ಔಷಧ ಹಾಕಿಸಬೇಕು. ಕುರಿಗೆ ಔಷಧ ಕುಡಿಸ್ತೀವಿ, ಕಾವಲು ನಾಯಿಯನ್ನು ಮರೀತೀವಿ.

ಹಂದಿಯದೇ ಕಠಿಣ. ಅದಕ್ಕೆ ಲಸಿಕೆ ಇದೆ, ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಕಂಪನಿಯೇ ತಯಾರಿಸ್ತದೆ. ಆದರೆ ಗುಳ್ಳೆ ಇದ್ದ ಹಂದಿ ಸಾಮಾನ್ಯವಾಗಿ ಆರಾಮಾಗೇ ಓಡಾಡ್ತದೆ, ಸಾಕಿದವನಿಗೆ ಕಣ್ಣಿಗೆ ಕಾಣುವ ನಷ್ಟವಿಲ್ಲ. ಫಿಟ್ಸ್ ಬರೋದು ಎಲ್ಲೋ ರೊಟ್ಟಿ ಪಲ್ಯ ತಿಂದವನಿಗೆ. ಹಾಗಿದ್ದಾಗ ಸೂಜಿಯ ದುಡ್ಡು ಯಾರು ಕೊಡಬೇಕು? ಸಾಕಿದವನೋ, ಪಂಚಾಯ್ತಿಯೋ, ಪಶು ಇಲಾಖೆಯೋ, ಆರೋಗ್ಯ ಇಲಾಖೆಯೋ? ಮುಂದಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳ್ರಿ.