ಸಭೆಯ ಹಾಜರಾತಿ: ಪುಸ್ತಕದಿಂದ ಕಂಪ್ಯೂಟರಿಗೆ

ಪಾಲನಾ ಮಂಡಳಿಯ ಸಭೆಗೆ ಬಂದವರ ಹೆಸರು ಬರೆದಿಡಲು ಕಾರ್ಯದರ್ಶಿಯ ಪುಸ್ತಕ ಸಾಲದೇ ಎಂದು ಕೆಲವರು ಕೇಳುತ್ತಾರೆ. ನಮಗೂ ಹಾಗೆಯೇ ಅನಿಸಿತ್ತು. ಆದರೆ ಒಂದು ಚರ್ಚಿನಲ್ಲಿ ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದರು. ಒಬ್ಬರು ತಿಳಿಯದೆ ಇನ್ನೊಬ್ಬರ ಸಾಲಿನಲ್ಲಿ ಸಹಿ ಹಾಕುತ್ತಾ ಬಂದರು. ಆ ಇನ್ನೊಬ್ಬರು, ವಾಳೆಯ ಗುರಿಕಾರರು, ಕಾಯಿಲೆಯಿಂದ ನಾಲ್ಕು ಸಭೆಗಳಿಗೆ ಬಂದಿರಲಿಲ್ಲ. ಅವರ ಮನೆಗೆ ನಾವು ಹೋದದ್ದು ಬಹಳ ತಡವಾಗಿ.

ಲಿಬ್ರೆಆಫೀಸ್ ಬೇಸ್ ಉಚಿತವಾಗಿ ಸಿಗುವ ತಂತ್ರಾಂಶ. ಅದರಲ್ಲಿ ಮೂರು ಟೇಬಲ್ ಬೇಕು: ಸದಸ್ಯರು, ಸಭೆಗಳು, ಹಾಜರಾತಿ. ಹಲವರು ಹೆಸರಿನ ಮುಂದೆ ಜನವರಿ, ಫೆಬ್ರವರಿ ಎಂದು ಕಾಲಂ ಎಳೆಯುತ್ತಾರೆ. ಒಂದು ವಿಶೇಷ ಸಭೆ ಕರೆದರೆ ಲೆಕ್ಕ ಕೆಡುತ್ತದೆ. ಪ್ರತಿ ಸದಸ್ಯರಿಗೆ ಒಂದು ಸಂಖ್ಯೆ, ಪ್ರತಿ ಸಭೆಗೆ ಒಂದು ಸಂಖ್ಯೆ ಕೊಡಿ. ಹಾಜರಾತಿಯಲ್ಲಿ ಈ ಎರಡರ ಜೊತೆ ಹಾಜರೋ ಗೈರೋ ಎಂಬುದಷ್ಟೇ ಇರಲಿ. ಎರಡೂ ಸಂಖ್ಯೆಗಳನ್ನು ಕೂಡಿಸಿ ಪ್ರೈಮರಿ ಕೀ ಮಾಡಿದರೆ, ಒಬ್ಬರ ಹಾಜರಿ ಒಂದೇ ಸಭೆಗೆ ಎರಡು ಸಲ ದಾಖಲಾಗದು.

ಫಾರ್ಮಿನ ಮೇಲೆ ಸಭೆಯ ದಿನಾಂಕ, ಕೆಳಗೆ ಸಬ್‌ಫಾರ್ಮಿನಲ್ಲಿ ಹಾಜರಾತಿ. ಹೆಸರನ್ನು ಟೈಪ್ ಮಾಡಿಸದೆ ಲಿಸ್ಟ್ ಬಾಕ್ಸಿನಿಂದ ಆರಿಸುವಂತೆ ಮಾಡಿ. ಡಿಸೋಜ, ಡಿಸೋಜಾ, ಡಿ'ಸೋಜ ಎಂದು ಒಬ್ಬರೇ ಮೂವರಾಗುವುದು ನಮ್ಮ ಕರಾವಳಿಯಲ್ಲಿ ಹೊಸತಲ್ಲ! ಹೆಸರಿನ ಪಕ್ಕ ವಾಳೆಯೂ ಕಾಣಲಿ. ‘ಹಾಜರು’, ‘ತಿಳಿಸಿ ಗೈರು’, ‘ತಿಳಿಸದೆ ಗೈರು’ ಎಂಬ ಮೂರು ಆಯ್ಕೆ ಸಾಕು. ಕಾಯಿಲೆಯ ವಿವರ ಇದರಲ್ಲಿ ಬರೆಯಬಾರದೆಂಬುದು ನಮ್ಮ ಅಭಿಪ್ರಾಯ.

ಸತತ ಎರಡು ಸಭೆಗೆ ಬಾರದವರ ಪಟ್ಟಿಯನ್ನು ಕ್ವೆರಿಯಿಂದ ತೆಗೆದು, ಸಭೆಯ ಮರುದಿನವೇ ಧರ್ಮಗುರುಗಳ ಕೈಗೆ ಕೊಡಿ. ಮನೆಭೇಟಿ ಅಲ್ಲಿಂದ ಆರಂಭವಾಗಲಿ.